ಎಂಟು ಸಾವಿರ ಸುತ್ತು

ನನ್ನ ಹತ್ರ ಒಂದು ಎಲೆಕ್ಟ್ರಿಕ್ ಗಿಟಾರ್ ಐತೆ. ಇಷ್ಟು ಹೇಳಿದರೆ ಸಾಕು, ಕೇಳಿದವರ ಮುಖದಲ್ಲಿ ಒಂದು ಪ್ರಶ್ನೆ ಎದ್ದು ಕೂರುತ್ತದೆ: ನಿನಗ್ಯಾಕೆ? ಹೆಂಡತಿ ಕೇಳಿದಳು, ಸುಟ್ಟ ಮೋಟರು ಹೊತ್ತು ತರುವ ರೈತರು ಕೇಳಿದರು, ಕಡೆಗೆ ನಮ್ಮ ಸಂಘಟನೆಯ ಹುಡುಗರೂ ಕೇಳಿದರು. ಹೆಂಡತಿಗೂ ರೈತರಿಗೂ ನಗುತ್ತ ಉತ್ತರ ಕೊಟ್ಟೆ. ಹುಡುಗರಿಗೆ ಆವತ್ತು ಕೊಡಲಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೋಟರ್ ರೀವೈಂಡಿಂಗ್ ಮಾಡುವವನು. ಕೋಲಾರದ ಕಡೆ ಒಂದು ತಾಲೂಕು ಊರಿನ ಬಸ್‌ಸ್ಟ್ಯಾಂಡಿನ ಹಿಂದೆ ಅಂಗಡಿ. ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ, ಸಾವಿರ ಅಡಿ ದಾಟಿದ ಬೋರ್‌ವೆಲ್ಲುಗಳಿವೆ. ವೋಲ್ಟೇಜು ಏರಿಳಿದು ಮೋಟರು ಸುಡುತ್ತವೆ, ನಮ್ಮ ಒಲೆ ಉರಿಯುತ್ತದೆ. ಸುಟ್ಟ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಕುಡಿಸಿ, ಒಣಗಿಸಿ, ಮೀಟರು ಹಿಡಿದು ನೋಡುವುದು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ.

ಚಿಕ್ಕವನಿದ್ದಾಗ, 1988ರ ಸುಮಾರಿಗೆ, ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಿಗೆ ಸ್ಪೀಕರು ಡಬ್ಬ ಹೊರಲು ಹೋಗುತ್ತಿದ್ದೆ. ರಾತ್ರಿಗೆ ಐದು ರೂಪಾಯಿ, ಮೇಲೆ ಚಿತ್ರಾನ್ನ. ಹಾಡುವವರ ಕಡೆ ನನಗೆ ಗಮನವಿರಲಿಲ್ಲ. ಮೂಲೆಯಲ್ಲಿ ಕೆಂಪು ಗಿಟಾರು ತಗುಲಿಹಾಕಿಕೊಂಡು ಒಬ್ಬ ನಿಂತಿರುತ್ತಿದ್ದ. ಕಾರ್ಯಕ್ರಮ ಮುಗಿದ ಮೇಲೆ ಒಂದು ದಿನ ಅದರ ತಂತಿಗೆ ಬೆರಳು ಹಾಕಲು ಹೋದೆ. ‘ಏಯ್, ಮುಟ್ಟಬ್ಯಾಡ ಕಣೋ, ಶಾಕ್ ಹೊಡೀತದೆ’ ಅಂದ. ಅವನಿಗೆ ನಾನು ಯಾವ ಕೇರಿಯವನು ಅನ್ನುವುದು ಗೊತ್ತಿತ್ತೋ ಇಲ್ಲವೋ. ಪಾಪ, ನಿಜವಾಗಿಯೂ ಶಾಕಿನ ವಿಷಯವನ್ನೇ ಹೇಳಿರಬಹುದು. ಆದರೆ ‘ಮುಟ್ಟಬ್ಯಾಡ’ ಅನ್ನುವ ಮಾತನ್ನು ಬೇರೆ ಕಾರಣಗಳಿಗೆ ಸಾಕಷ್ಟು ಕೇಳಿದ್ದ ಕಿವಿ ಇದನ್ನೂ ಅದೇ ಗೂಡಿಗೆ ಸೇರಿಸಿಬಿಟ್ಟಿತು. ಗಿಟಾರಿನೊಳಗೆ ಹುಟ್ಟುವ ಕರೆಂಟು ಇರುವೆ ಕಚ್ಚಿದಷ್ಟೂ ಇರುವುದಿಲ್ಲ, ಶಾಕ್ ಬಂದರೆ ಅದು ಅರ್ಥಿಂಗ್ ಸರಿಯಿಲ್ಲದ ಆಂಪ್ಲಿಫಯರಿನಿಂದ ಅಂತ ತಿಳಿಯುವ ಹೊತ್ತಿಗೆ ನನಗೆ ಮದುವೆಯಾಗಿತ್ತು.

2016ರಲ್ಲಿ ವೈಂಡಿಂಗ್ ತಂತಿ ತರಲು ಬೆಂಗಳೂರಿಗೆ ಹೋದೆ. ಪರಿಚಯದವರ ಮನೆಯಲ್ಲಿ ಬಾಡಿಗೆಗಿದ್ದ ಹುಡುಗನೊಬ್ಬ ಕೆಲಸ ಸಿಕ್ಕು ಊರು ಬಿಡುತ್ತಿದ್ದ, ಗಿಟಾರು ಮಾರಬೇಕಾಗಿತ್ತು. ಯಮಾಹಾ ಕಂಪನಿಯ ಪೆಸಿಫಿಕಾ 112ವಿ. ‘ಒಂದು ಪಿಕಪ್ಪು ಸತ್ತಿದೆ ಅಂಕಲ್, ನಾನೇ ಬಿಚ್ಚೋಕೆ ಹೋಗಿ ಸ್ಕ್ರೂಡ್ರೈವರ್ ಜಾರಿತು. ಒಂಬತ್ತು ಸಾವಿರ ಕೊಡಿ ಸಾಕು’ ಅಂದ. ಏನು ಸತ್ತಿದೆ ತೋರಿಸಪ್ಪಾ ಅಂದೆ. ಮುಚ್ಚಳ ತೆಗೆದ. ಒಳಗೆ ಆರು ಸಣ್ಣ ಅಯಸ್ಕಾಂತದ ಗೂಟ, ಅವುಗಳ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಸಾವಿರಾರು ಸುತ್ತು. ನಾನು ಜೋರಾಗಿ ನಕ್ಕುಬಿಟ್ಟೆ. ಇದು ನಂದೇ ಕೆಲಸ! ಬಾಲ್ಯದಲ್ಲಿ ಮುಟ್ಟಬ್ಯಾಡ ಅನ್ನಿಸಿಕೊಂಡ ವಸ್ತುವಿನ ಹೊಟ್ಟೆಯೊಳಗೆ ನಾನು ದಿನಾ ಮುಟ್ಟುವುದೇ ತುಂಬಿಕೊಂಡಿತ್ತು.

ತಂತಿಗೆ ಅಂತ ಇಟ್ಟುಕೊಂಡಿದ್ದ ದುಡ್ಡಿನಲ್ಲಿ ಒಂಬತ್ತು ಸಾವಿರ ಹೋಯಿತು. ಮನೆಗೆ ಬಂದರೆ ಹೆಂಡತಿ, ‘ಅಲ್ಲಾ, ತಂತಿ ತರ್ತೀನಿ ಅಂತ ಹೋದೋನು ಇದೇನು ತಂದೆ?’ ಅಂದಳು. ‘ತಂತೀನೇ ತಂದಿದೀನಿ ನೋಡು, ಆರು’ ಅಂದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ‘ಇಸ್ಪೀಟಿಗಿಂತ ವಾಸಿ ಬಿಡು’ ಅಂದಳು.

ಗೆಳೆಯರೆ, ಮೋಟರಿಗೂ ಈ ಪಿಕಪ್ಪಿಗೂ ಇರುವುದು ಒಂದೇ ವಿದ್ಯೆ, ತಿರುವುಮುರುವು ಅಷ್ಟೆ. ಮೋಟರಿಗೆ ಕರೆಂಟು ಕೊಟ್ಟರೆ ಚಲನೆ ಹುಟ್ಟುತ್ತದೆ. ಇದಕ್ಕೆ ಚಲನೆ ಕೊಟ್ಟರೆ ಕರೆಂಟು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು. ಉಕ್ಕಿನ ತಂತಿ ಅಯಸ್ಕಾಂತದ ಮುಂದೆ ಅದುರಿದರೆ ಸುತ್ತಿನ ತಾಮ್ರದಲ್ಲಿ ಅದೇ ಅದುರು ಕರೆಂಟಾಗಿ ಓಡುತ್ತದೆ, ಆಂಪ್ಲಿಫಯರು ಅದನ್ನು ದೊಡ್ಡದು ಮಾಡುತ್ತದೆ. ನೈಲಾನ್ ತಂತಿ ಕಟ್ಟಿ ಎಷ್ಟು ಬಾರಿಸಿದರೂ ಅಯಸ್ಕಾಂತಕ್ಕೆ ಅದು ಕಾಣುವುದೇ ಇಲ್ಲ. ಈ ಫ್ಯಾರಡೆಯೂ ಕಮ್ಮಾರನ ಮಗ, ಬುಕ್ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿತವನು. ಮೇಷ್ಟ್ರುಗಳು ಪಾಠ ಮಾಡುವಾಗ ಇದನ್ನೊಂದು ಮಾತು ಸೇರಿಸಬೇಕು.

ಸತ್ತ ಪಿಕಪ್ಪಿಗೆ ಹೊಸ ತಂತಿ ಸುತ್ತುವುದೇನು ಮಹಾ ಅಂದುಕೊಂಡಿದ್ದೆ. ಸೊಕ್ಕು ಇಳಿಯಿತು. ಮೋಟರಿಗೆ ಹಾಕುವ ತಂತಿ ಬೆರಳಿಗೆ ಸಿಕ್ಕುತ್ತದೆ, ಎಳೆದರೆ ತಡೆಯುತ್ತದೆ. ಇದು ನಮ್ಮ ಲೆಕ್ಕದ 46ನೇ ನಂಬರು, ದಪ್ಪ 0.06 ಮಿಲಿಮೀಟರು. ಉಸಿರು ಬಿಟ್ಟರೆ ಹಾರುತ್ತದೆ. ಕೈಯಂತ್ರದಲ್ಲಿ ಬಾಬಿನ್ನು ಕೂರಿಸಿ, ಬಲಗೈಲಿ ತಿರುಗಿಸುತ್ತ ಎಡಗೈ ಬೆರಳ ಸಂದಿಯಲ್ಲಿ ತಂತಿ ಬಿಡಬೇಕು. ಬಿಗಿ ಹಿಡಿದರೆ ಕಿತ್ತುಹೋಗುತ್ತದೆ, ಸಡಿಲ ಬಿಟ್ಟರೆ ಸುತ್ತು ಒಳಗೇ ಅಲ್ಲಾಡಿ ಆಂಪಿನಲ್ಲಿ ಕೀಚಲು ಏಳುತ್ತದೆ. ಮೊದಲ ಸಲ ಮೂರು ಸಾವಿರಕ್ಕೆ ಕಿತ್ತಿತು. ಎರಡನೇ ಸಲ ಆರು ಸಾವಿರ ದಾಟಿತ್ತು, ಯಾರೋ ‘ಅಣ್ಣಾ, ಮೋಟರ್ ಆಯ್ತಾ?’ ಅಂತ ಕೂಗಿದರು, ತಿರುಗಿ ನೋಡಿದೆ, ಕಿತ್ತಿತು. ಮೂರನೇ ಸಲ ಅಂಗಡಿ ಬಾಗಿಲು ಹಾಕಿಕೊಂಡು ರಾತ್ರಿ ಕೂತೆ. ಎಂಟು ಸಾವಿರ ಸುತ್ತು. ಮೀಟರು ಆರು ಸಾವಿರ ಓಮ್‌ ಚಿಲ್ಲರೆ ತೋರಿಸಿತು. ಮೇಣದಲ್ಲಿ ಅದ್ದಿ ತೆಗೆದೆ. ಗಿಟಾರಿಗೆ ಹಾಕಿ, ಬೆಸುಗೆ ಬಿಟ್ಟು, ತಂತಿ ಮೀಟಿದೆ. ಬಂತು. ಒಡೆಯನ ತೋಟಕ್ಕೆ ನೀರು ಹೋಗುವುದು ಬಿಟ್ಟು ನನ್ನ ಸುತ್ತಿನಿಂದ ಬೇರೇನೋ ಹೊರಗೆ ಬಂದದ್ದು ಅದೇ ಮೊದಲು.

ಆಮೇಲೆ ಈ ವಾದ್ಯದ ಹಿಂದೆ ಬಿದ್ದು ಓದಿದೆ. ಲಿಯೋ ಫೆಂಡರ್ ಅಂತ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು. ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. 1950ರಲ್ಲಿ ಅವನು ಮಾರುಕಟ್ಟೆಗೆ ಬಿಟ್ಟ ಗಿಟಾರಿಗೆ (ಮರುವರ್ಷ ಅದಕ್ಕೆ ಟೆಲಿಕಾಸ್ಟರ್ ಅಂತ ಹೆಸರಾಯಿತು) ಕುತ್ತಿಗೆಯನ್ನು ಅಂಟು ಹಾಕಿ ಕೂರಿಸಲಿಲ್ಲ, ನಾಲ್ಕು ತಿರುಪು ಬಿಗಿದ. ಕೆಟ್ಟರೆ ಬಿಚ್ಚು, ಬೇರೆ ಹಾಕು. ರಿಪೇರಿ ಮಾಡುವವನ ಬುದ್ಧಿ ಅದು. ನನ್ನ ಗಿಟಾರಿನ ಕುತ್ತಿಗೆಯೂ ನಾಲ್ಕೇ ತಿರುಪಿನ ಮೇಲೆ ನಿಂತಿದೆ. ಅವನ ಕಾರ್ಖಾನೆಗೆ 1956ರಲ್ಲಿ ಅಬಿಗೇಲ್ ಇಬಾರಾ ಎಂಬ ಹೆಣ್ಣುಮಗಳು ಸೇರಿದಳು. ಎಷ್ಟೋ ದಶಕ ಪಿಕಪ್ಪು ಸುತ್ತಿದಳು. ಇವತ್ತು ಅವಳ ಕೈಯವು ಅಂತ ಹುಡುಕಿ ಹುಡುಕಿ ಕೊಳ್ಳುವವರಿದ್ದಾರೆ. ಹೆಸರಾಂತ ವಾದಕರ ಭಾವಚಿತ್ರ ಗೋಡೆ ಮೇಲೆ ಹಾಕಿಕೊಳ್ಳುವವರು ಹಾಕಿಕೊಳ್ಳಲಿ, ನನಗೆ ಗುರು ಆ ತಾಯಿ.

ಇನ್ನು ನನ್ನ ಗಿಟಾರಿನ ವಿಷಯ. ಮೈ ಆಲ್ಡರ್ ಎಂಬ ಮರದ್ದು, ಕುತ್ತಿಗೆ ಮೇಪಲ್, ಬೆರಳಿಡುವ ಪಟ್ಟಿ ಬೀಟೆ, 22 ಫ್ರೆಟ್ಟು. ಇಂಡೊನೇಷ್ಯಾದಲ್ಲಿ ನನ್ನಂಥವರೇ ಯಾರೋ ಉಜ್ಜಿ, ಬಿಗಿದು ಕಳಿಸಿದ್ದು. ಆರು ತಂತಿ ಸೇರಿ ಸುಮಾರು 40 ಕಿಲೋ ಭಾರದಷ್ಟು ಎಳೆಯುತ್ತವೆ, ಹಗಲೂ ರಾತ್ರಿ, ಬಾರಿಸಿದರೂ ಬಾರಿಸದಿದ್ದರೂ. ಆ ಎಳೆತಕ್ಕೆ ಕುತ್ತಿಗೆ ಬಾಗದಂತೆ ಒಳಗೊಂದು ಕಬ್ಬಿಣದ ಸಲಾಕೆ ಇದೆ. ಕೊಂಡು ಎಷ್ಟು ಬೇಸಿಗೆ ಕಳೆದರೂ ಆ ಸಲಾಕೆಗೆ ನಾನು ಕೀಲಿ ಹಾಕಿದ್ದು ಎರಡೇ ಸಲ. ಗಟ್ಟಿ ಕೆಲಸ. ಮೋಟರು ಬಿಚ್ಚಿ ನೋಡಿದಾಗ ಮಾಡಿದವನ ನಿಯತ್ತು ಗೊತ್ತಾಗುತ್ತದಲ್ಲ, ಇದರಲ್ಲೂ ಹಾಗೇ. ಫ್ರೆಟ್ಟಿನ ತುದಿಗಳು ಅಂಗೈಗೆ ಚುಚ್ಚುವುದಿಲ್ಲ, ಸ್ವಿಚ್ಚು ಕರಕರ ಅನ್ನುವುದಿಲ್ಲ.

ಮೂರು ಪಿಕಪ್ಪು, ಐದು ಹಲ್ಲಿನ ಸ್ವಿಚ್ಚು. ಕುತ್ತಿಗೆ ಕಡೆಯದು ದುಂಡು ದನಿ, ತತ್ವಪದಕ್ಕೆ ಸರಿಹೋಗುತ್ತದೆ. ಎರಡರ ಮಧ್ಯದ ಹಲ್ಲಿಗೆ ಸರಿಸಿದರೆ ಗಾಜಿನ ಬಳೆ ಸದ್ದು. ಬಾಲದ ಕಡೆ ಇರುವುದು ಜೋಡಿ ಸುತ್ತು, ಹಂಬಕರ್ ಅನ್ನುತ್ತಾರೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ರೂಪಿಸಿದ್ದು. ಒಂಟಿ ಸುತ್ತು ಗೋಡೆಯೊಳಗಿನ ಕರೆಂಟಿನ ಗುಂಯ್ ಸದ್ದನ್ನೂ ಹೀರಿಕೊಳ್ಳುತ್ತದೆ. ನಮ್ಮದು 50 ಸೈಕಲ್ಲಿನ ಗುಂಯ್, ಅಮೆರಿಕಾದ್ದು 60. ಎರಡು ಸುತ್ತನ್ನು ಎದುರುಬದುರು ಜೋಡಿಸಿದರೆ ಒಂದರ ಗುಂಯ್ ಇನ್ನೊಂದು ತಿಂದುಹಾಕುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಅಂಗಡಿಯಲ್ಲಿ ಮೋಟರು ಟೆಸ್ಟಿಂಗಿಗೆ ಓಡುತ್ತಿದ್ದರೆ ನಾನು ಇದರಲ್ಲೇ ಬಾರಿಸುವುದು. ಟೋನಿನ ಗುಂಡಿ ಮೇಲೆಳೆದರೆ ಜೋಡಿಯಲ್ಲಿ ಒಂದು ಸುತ್ತು ಮಲಗುತ್ತದೆ, ದನಿ ಸಣ್ಣಗಾಗಿ ಚುರುಕಾಗುತ್ತದೆ, ಗುಂಯ್ ವಾಪಸು ಬರುತ್ತದೆ. ಒಂದೇ ಗಿಟಾರಿನಲ್ಲಿ ಭಜನೆಗೂ ಆಯಿತು, ಆರ್ಕೆಸ್ಟ್ರಾಕ್ಕೂ ಆಯಿತು, ಕಿರುಚುವುದಕ್ಕೂ ಆಯಿತು. ಬಡವನ ವಾದ್ಯ ಹೀಗೇ ಇರಬೇಕು. ಒಂದೊಂದು ದನಿಗೆ ಒಂದೊಂದು ಕೊಳ್ಳುವುದು ನಮ್ಮಂಥವರಿಗೆ ಆಗುವ ಮಾತಲ್ಲ.

ನುಡಿಸುವುದು? ದೊಡ್ಡ ವಾದಕನೇನಲ್ಲ. ನಲವತ್ತು ದಾಟಿದ ಮೇಲೆ ಕಲಿತ ಬೆರಳು. ವಾರ್ನಿಷಿನಿಂದ ದಡ್ಡುಗಟ್ಟಿದ ತುದಿಗಳಿಗೆ ತಂತಿ ಕೊರೆದ ನೋವು ಮಾತ್ರ ಆಗಲಿಲ್ಲ, ಅದೊಂದು ಲಾಭ.

ಒಂದು ಏಪ್ರಿಲ್ 14ರ ಸಂಜೆ. ಹಾಡಿನ ತಂಡದ ಜೊತೆ ಬಾರಿಸೋಣ ಅಂತ ಗಿಟಾರು, ಆಂಪು ಹೊತ್ತುಕೊಂಡು ಹೋದೆ. ತಂಡ ನೋಡಿಕೊಳ್ಳುವ ಹುಡುಗ, ಓದಿದವನು, ಒಳ್ಳೆಯವನು, ಪಕ್ಕಕ್ಕೆ ಕರೆದ. ‘ಅಣ್ಣಾ, ತಪ್ಪು ತಿಳ್ಕೋಬೇಡಿ. ಇದು ಆರ್ಕೆಸ್ಟ್ರಾ ಥರ ಕಾಣ್ಸುತ್ತೆ. ನೀವು ತಮಟೆ ತಗೊಳ್ಳಿ. ಅದು ನಮ್ಮದು.’

ನನಗೆ ತಮಟೆ ಬಾರಿಸಲು ಬರುವುದಿಲ್ಲ ಅಂತ ಹೇಳಲು ಬಾಯಿ ಬರಲಿಲ್ಲ. ಯಾಕೆ ಬರುವುದಿಲ್ಲ ಅಂದರೆ ಅಪ್ಪ ಕಲಿಸಲಿಲ್ಲ. ಅವನು ಊರಿನ ಸಾವಿಗೆ, ಜಾತ್ರೆಗೆ, ಸಾರು ಹಾಕುವುದಕ್ಕೆ ಬಾರಿಸಿದವನು. ಕೂಲಿ ಅಂತ ಇರಲಿಲ್ಲ, ಸುಗ್ಗಿಯಲ್ಲಿ ಮೊರದಷ್ಟು ರಾಗಿ. ಬರಲ್ಲ ಅನ್ನುವ ಹಾಗಿರಲಿಲ್ಲ, ಜ್ವರವಿದ್ದರೂ ಹೋಗಬೇಕು. ನಾನು ಸ್ಕೂಲಿಗೆ ಸೇರಿದ ವರ್ಷ ತಮಟೆಯನ್ನು ಅಟ್ಟಕ್ಕೆ ಎಸೆದ. ನಾನು ಅದಕ್ಕೆ ಕೈ ಹಾಕಿದಾಗ ಹೊಡೆದ. ಜೀವಮಾನದಲ್ಲಿ ಅಪ್ಪ ನನಗೆ ಹೊಡೆದದ್ದು ಅದೊಂದೇ ಸಲ. ಈಗಿನ ಹುಡುಗರು ಅದೇ ತಮಟೆಯನ್ನು ಕೂಗೆಬ್ಬಿಸುವ ವಾದ್ಯ ಮಾಡಿದ್ದಾರೆ, ಸರಿ, ಅದು ಅವರ ಗೆಲುವು, ಕೇಳಿದರೆ ನನಗೂ ಮೈ ಜುಮ್ಮನ್ನುತ್ತದೆ. ಆದರೆ ಊರು ನಮ್ಮಪ್ಪನಿಗೆ ‘ನಿಂದು ಇದೇ’ ಅಂತ ಹೇಳಿತ್ತು. ನನ್ನ ಸಂಗಾತಿಯೂ ಅದನ್ನೇ ಹೇಳಿದ, ಪ್ರೀತಿಯಿಂದ.

ಮಡಿ ವಾಟರ್ಸ್ ಅಂತ ಒಬ್ಬ ಕರಿಯ ಹಾಡುಗಾರ ಇದ್ದ. ಮಿಸಿಸಿಪಿಯ ಹತ್ತಿ ತೋಟದಲ್ಲಿ ದುಡಿದವನು. 1943ರಲ್ಲಿ ತೋಟ ಬಿಟ್ಟು ಶಿಕಾಗೋ ಸೇರಿದ. ಕಾರ್ಖಾನೆ ಕೆಲಸ ಮುಗಿಸಿ ಬಂದ ಜನ ಕೂತು ಕುಡಿಯುವ ಜಾಗಗಳಲ್ಲಿ ಮರದ ಗಿಟಾರು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಮರುವರ್ಷವೇ ಎಲೆಕ್ಟ್ರಿಕ್ ಗಿಟಾರು ಹಿಡಿದ. 1958ರಲ್ಲಿ ಇಂಗ್ಲೆಂಡಿಗೆ ಹೋದರೆ ಅಲ್ಲಿನ ಕೆಲವು ರಸಿಕರು ಮುಖ ಸಿಂಡರಿಸಿದರು. ಅವರಿಗೆ ಬೇಕಾಗಿದ್ದದ್ದು ತೋಟದ ಆಳು, ಮರದ ಗಿಟಾರು, ಹಳ್ಳಿಯ ಅಳು. ಈ ಕಿರುಚುವ ಗಿಟಾರು ಯಾಕೆ ಅಂದರು. ತಮಾಷೆ ಅಂದರೆ, ಮತ್ತೆ ಹೋದಾಗ ಅವನು ಮರದ ಗಿಟಾರು ತಗೊಂಡು ಹೋದ, ಅಷ್ಟರಲ್ಲಿ ಅವರಿಗೆ ಎಲೆಕ್ಟ್ರಿಕ್ಕೇ ಬೇಕಾಗಿತ್ತು! ಆವತ್ತು ಆ ಹುಡುಗನಿಗೆ ನಾನು ಹೇಳಬೇಕಾಗಿದ್ದದ್ದು ಇದು. ಹೇಳಲಿಲ್ಲ. ಆಂಪು ಹೊತ್ತುಕೊಂಡು ವಾಪಸು ಬಂದೆ.

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಸಂಜೆ ಹೊತ್ತು ಅಂಗಡಿಗೆ ಬಂದು ಹಳೇ ಸ್ಟೇಟರಿನ ಮೇಲೆ ಕೂರುತ್ತಾನೆ. ಗಿಟಾರಿನ ಬಗ್ಗೆ ಒಳ್ಳೇದು ಕೆಟ್ಟದ್ದು ಏನೂ ಅಂದವನಲ್ಲ. ಹೋದ ಬೇಸಿಗೆಯಲ್ಲಿ ಒಂದು ದಿನ, ತಗಡಿನ ಸೂರಿನ ಕೆಳಗೆ ಕಾದ ಹೆಂಚಿನಂಥ ಸೆಕೆ, ನಾನು ಬಾರಿಸುತ್ತಿದ್ದೆ.

‘ಮೂರನೇದು ಇಳ್ದದೆ ನೋಡು’ ಅಂದ.

ನೋಡಿದೆ. ಹೌದು, ಕೂದಲೆಳೆಯಷ್ಟು ಇಳಿದಿತ್ತು. ನನ್ನ ಕಿವಿಗೆ ಗೊತ್ತಾಗಿರಲಿಲ್ಲ. ನಿನಗೆಂಗೆ ಗೊತ್ತಾಯ್ತಪ್ಪಾ ಅಂದೆ.

‘ನಮ್ದು ಬೆಂಕಿಗೆ ಹಿಡಿದ್ರೆ ಏರ್ತಿತ್ತು. ನಿಂದು ಬಿಸಿಗೆ ಇಳೀತದೆ. ಉಲ್ಟಾ’ ಅಂದ.

ನಲವತ್ತು ವರ್ಷದ ಮೇಲೆ ಅವನ ಬಾಯಲ್ಲಿ ತಮಟೆಯ ಮಾತು. ನಾನು ಕಿವಿ ತಿರುಪುತ್ತ ಹೋದೆ. ‘ಇನ್ನೂ... ಇನ್ನೂ ಚೂರು... ಸಾಕು’ ಅಂದ. ಆಮೇಲೆ ಬೀಡಿ ಹಚ್ಚಿಕೊಂಡ. ಹೊರಗೆ ಯಾರೋ ಗೂಡ್ಸ್ ಆಟೋದಿಂದ ಮೋಟರು ಇಳಿಸುತ್ತಿದ್ದರು.