ಅವನಿಗೆ ಏನಾಗಿದೆ, ಆಂಟಿ?

ಕಳೆದ ರಾಜ್ಯೋತ್ಸವದ ದಿನ ನಮ್ಮ ಸಂಘದ ಸಭಾಗೃಹದಲ್ಲಿ ಮೈಕು ಕಿರ್ರೆಂದು ಕಿರುಚಿದಾಗ ನನ್ನ ಮಗ ಎರಡೂ ಕಿವಿ ಮುಚ್ಚಿಕೊಂಡು ಕುರ್ಚಿಯಲ್ಲೇ ಹಿಂದೆ ಮುಂದೆ ತೂಗತೊಡಗಿದ. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಮೆಲ್ಲನೆ, "ಅವನಿಗೆ ಏನಾಗಿದೆ, ಆಂಟಿ?" ಎಂದು ಕೇಳಿದಳು. ಅವನನ್ನು ಹೊರಗೆ ಕರೆದೊಯ್ಯುವ ಗಡಿಬಿಡಿಯಲ್ಲಿ ಉತ್ತರ ಹೇಳಲಾಗಲಿಲ್ಲ. ಅವಳಿಗೂ ಅವಳ ಓರಗೆಯ ನಿಮಗೆಲ್ಲರಿಗೂ ಈಗ ಹೇಳುತ್ತಿದ್ದೇನೆ.

ಅವನಿಗೆ ಏನೂ ಆಗಿಲ್ಲ ಮಕ್ಕಳೇ, ಅವನು ಹುಟ್ಟಿದ್ದೇ ಹಾಗೆ. ಆಟಿಸಂ ಎಂಬುದು ರೋಗವಲ್ಲ. ಅಂಥವರ ಮಿದುಳು ಬೆಳೆಯುವ ರೀತಿಯೇ ಬೇರೆ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದ ಮೇಲೆ ಲೋಕದ ಗಮನ ಅದರತ್ತ ಹರಿಯಿತು. ಆಮೇಲೂ ಬಹುಕಾಲ, ತಾಯಿಯ ಪ್ರೀತಿ ಸಾಲದ್ದೇ ಇದಕ್ಕೆ ಕಾರಣವೆಂದು ದೊಡ್ಡ ದೊಡ್ಡವರೇ ನಂಬಿದ್ದರು. ಆ ಮಾತನ್ನು ವಿಜ್ಞಾನ ಎಂದೋ ತಳ್ಳಿಹಾಕಿದೆ. ನೆಂಟರಿಷ್ಟರ ಬಾಯಿಂದ ಮಾತ್ರ ಇನ್ನೂ ಹೋಗಿಲ್ಲ.

ಅವನಿಗೀಗ 26 ವರ್ಷ. ಡೊಂಬಿವಲಿಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಏಳುತ್ತಾನೆ. ಇಡ್ಲಿಗೆ ಚಟ್ನಿ ತಾಗಬಾರದು, ಬೇರೆ ಬಟ್ಟಲಲ್ಲೇ ಇರಬೇಕು. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ನಾನು ಎಚ್ಚರಿಸಬೇಕು. ಹೊಸ ಅಂಗಿಯ ಕಾಲರಿನ ಲೇಬಲ್ ಕತ್ತರಿಸದೆ ತೊಡುವುದಿಲ್ಲ. ಇದು ಹಟವಲ್ಲ. ನಮಗೆ ಬರೀ ಸದ್ದು, ಬರೀ ಸ್ಪರ್ಶ ಎನಿಸುವುದು ಅವನಿಗೆ ನೋವು.

ಆಮೇಲೆ ಲೋಕಲ್ ಹಿಡಿದು ಮುಲುಂಡಿನ ವರ್ಕ್‌ಶಾಪಿಗೆ. ಅಲ್ಲಿ ಕಾಗದದ ಚೀಲ ಮಾಡುತ್ತಾನೆ, ದೀಪಾವಳಿ ಬಂದರೆ ಹಣತೆಗಳಿಗೆ ಬಣ್ಣ ಹಚ್ಚುತ್ತಾನೆ. ಕೋಪರ್, ದಿವಾ, ಮುಂಬ್ರಾ, ಕಲವಾ, ಥಾಣೆ ಎಂದು ಸ್ಟೇಷನ್ ಬರುವ ಮೊದಲೇ ಹೆಸರು ಹೇಳುತ್ತಾನೆ. ಮುಂಬಯಿಯ ಗದ್ದಲ ಇಂಥವರಿಗೆ ಆಗದು ಎನ್ನುವವರುಂಟು. ಆದರೆ ಸ್ಲೋ ಲೋಕಲಿನಷ್ಟು ನಂಬಿಕೆಯ ಸಂಗಾತಿ ಅವನಿಗೆ ಬೇರೊಂದಿಲ್ಲ. ದಿನವೂ ಅದೇ ಕ್ರಮ, ಮೂರು ಭಾಷೆಯಲ್ಲಿ ಅದೇ ಘೋಷಣೆ. ಮಳೆಗಾಲದಲ್ಲಿ ಗಾಡಿ ನಡುದಾರಿಯಲ್ಲಿ ನಿಂತರೆ, ಇಲ್ಲವೇ ಪ್ಲಾಟ್‌ಫಾರ್ಮ್ ಬದಲಾದರೆ, ಅವನ ಇಡೀ ದಿನವೇ ಕುಸಿದುಬೀಳುತ್ತದೆ. ಅಳುತ್ತಾನೆ, ಕೈ ಕಚ್ಚಿಕೊಳ್ಳುತ್ತಾನೆ. ವಿಕಲಾಂಗರ ಡಬ್ಬಿಯಲ್ಲಿ ಕೂತರೆ "ಕೈಕಾಲು ನೆಟ್ಟಗಿದೆಯಲ್ಲ?" ಎಂದು ಕೇಳುತ್ತಾರೆ, ನಾನು ಸರ್ಟಿಫಿಕೇಟು ತೆಗೆಯುತ್ತೇನೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. ಅವನು ಹುಟ್ಟಿದ 1999ರಲ್ಲಿ ಬಂದ ರಾಷ್ಟ್ರೀಯ ನ್ಯಾಸ ಕಾಯಿದೆ ಅದನ್ನು ಹೆಸರಿಸಿತು. 2016ರ ಕಾಯಿದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಅದೂ ಸೇರಿತು. ಕಾಗದದ ಮೇಲೆ ಬಂದದ್ದು ಜನರ ಕಣ್ಣಿಗೆ ಬರಲು ಇನ್ನೆಷ್ಟು ವರ್ಷ ಬೇಕೋ!

ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿದೆ. ಅವನಿಗೆ ಮೂರು ವರ್ಷವಾದರೂ ಮಾತು ಬರದಿದ್ದಾಗ, "ಮನೆಯಲ್ಲಿ ಒಂದೇ ಭಾಷೆ ಆಡಿ, ಇಂಗ್ಲಿಷ್ ಆದರೆ ಒಳ್ಳೆಯದು" ಎಂದು ತಜ್ಞರೊಬ್ಬರು ಹೇಳಿದರು. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನನಗೆ ಅದೇನೂ ಕಷ್ಟವಾಗಲಿಲ್ಲ. ಆದರೆ ನಮ್ಮ ಅತ್ತೆ ಮನೆಯೊಳಗೇ ಮೂಕರಾದರು. ಮೊಮ್ಮಗನೊಡನೆ 'ಕಮ್', 'ಈಟ್' ಎಂಬ ಎರಡೇ ಮಾತು. ಒಂದು ಮಧ್ಯಾಹ್ನ ನಾನು ಮಾರ್ಕೆಟ್ಟಿನಿಂದ ಬಂದಾಗ ಅತ್ತೆ ಅವನ ಬೆನ್ನು ಸವರುತ್ತ ಕದ್ದು ಕನ್ನಡ ಆಡುತ್ತಿದ್ದರು. ಅವನು ಅವರದೇ ರಾಗದಲ್ಲಿ, "ಉಣ್ತೀಯಾ ಕಂದಾ?" ಎಂದ. ಹಸಿವಾದರೆ ಇಂದಿಗೂ ಅವನು ಹೇಳುವುದು ಹಾಗೆಯೇ. "ನನಗೆ ಊಟ ಬೇಕು" ಎನ್ನುವುದಿಲ್ಲ, ಅಜ್ಜಿ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳುತ್ತಾನೆ. ಎರಡು ಭಾಷೆ ಕೇಳಿ ಬೆಳೆದರೆ ಇಂಥ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲವೆಂದು ಈಚಿನ ಅಧ್ಯಯನಗಳು ಹೇಳುತ್ತಿವೆ. ಅತ್ತೆ ಈಗಿಲ್ಲ. ಅವರಿಗೆ ಅದು ಓದದೆಯೇ ಗೊತ್ತಿತ್ತು.

ಮುಂದಿನ ಸಲ ಅವನನ್ನು ಕಂಡರೆ ಕನ್ನಡದಲ್ಲಿ, ಚಿಕ್ಕ ಚಿಕ್ಕ ಮಾತಿನಲ್ಲಿ ಮಾತಾಡಿಸಿ. ಉತ್ತರಕ್ಕೆ ಸ್ವಲ್ಪ ಕಾಯಿರಿ. ಮುಖ ನೋಡಲಿಲ್ಲವೆಂದು ಬೇಸರಿಸಬೇಡಿ, ಅವನು ಕೇಳಿಸಿಕೊಳ್ಳುತ್ತಿರುತ್ತಾನೆ. ಮೈಕಿನ ಸದ್ದು ತುಸು ತಗ್ಗಿಸಿ. ನಾವು ಗಂಡಹೆಂಡತಿ ಇಬ್ಬರೂ ಇಲ್ಲದ ದಿನ ಒಂದು ಬಂದೇ ಬರುತ್ತದೆ. ಅಂದು ಅವನು "ಉಣ್ತೀಯಾ ಕಂದಾ?" ಎಂದರೆ, ಪಾಪ, ಇವನಿಗೆ ಹಸಿವಾಗಿದೆ ಎಂದು ತಿಳಿಯುವವರು ಈ ಊರಿನಲ್ಲಿ ನಾಲ್ಕು ಜನರಾದರೂ ಇರಲಿ.