ನಿವೃತ್ತರಾದ ಮಾಸ್ತಿಯವರು, ಗಡಿಯಲ್ಲಿ ನಿಂತ ನಾವು

‘ನಿವೃತ್ತಿ’ ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥಗಳುಂಟು. ಲೌಕಿಕ ವ್ಯವಹಾರಗಳಿಂದ ಮನಸ್ಸನ್ನು ಹಿಂದೆಗೆದು ಪರಮಾರ್ಥದ ಕಡೆಗೆ ತಿರುಗಿಸುವುದು ಶಾಸ್ತ್ರದ ನಿವೃತ್ತಿ. ಕಛೇರಿಯ ಬೀಗದ ಕೈಯನ್ನು ಮುಂದಿನವರಿಗೆ ಒಪ್ಪಿಸಿ, ಹಾರ ಹಾಕಿಸಿಕೊಂಡು, ಪಿಂಚಣಿಯ ಕಾಗದವನ್ನು ಕೈಯಲ್ಲಿ ಹಿಡಿದು ಮನೆಗೆ ಬರುವುದು ಸರ್ಕಾರದ ನಿವೃತ್ತಿ. ಗುಡಿಬಂಡೆ, ರೊಳ್ಳ, ಅಗಳಿ, ಅಮರಾಪುರ, ಮಡಕಶಿರಾ ಕಡೆಯ ನಮ್ಮ ಊರುಗಳಿಗೆ ಈ ಎರಡನೆಯ ಬಗೆಯ ನಿವೃತ್ತರು ವರ್ಷವರ್ಷವೂ ಮರಳಿ ಬರುತ್ತಾರೆ. ಉಪಾಧ್ಯಾಯರು, ಕಂದಾಯ ಇಲಾಖೆಯವರು, ಅಂಚೆಯವರು, ಬಸ್ಸಿನ ನೌಕರರು, ಹೀಗೆ ಹಲವರು. ಅಡಿಕೆ ತೋಟದ ಬದುವಿನಲ್ಲಿ, ದೇವಸ್ಥಾನದ ಜಗಲಿಯಲ್ಲಿ, ಮೊಮ್ಮಕ್ಕಳ ನಡುವೆ ಅವರನ್ನು ನಾವು ಕಾಣುತ್ತೇವೆ. ಅವರ ಮುಂದಿನ ದಿನಗಳು ಯಾವುದಕ್ಕೆ ಮೀಸಲು ಎಂದು ಕೇಳಿದವರು ಕಡಿಮೆ. ಸಂಘದ ಈ ಸಾಹಿತ್ಯ ಸಮಾವೇಶದ ಸಂದರ್ಭದಲ್ಲಿ ಆ ಪ್ರಶ್ನೆಯನ್ನು ಕೇಳಿಕೊಳ್ಳುವ ಸಲುವಾಗಿಯೇ ನಾವು ಒಬ್ಬ ನಿವೃತ್ತ ಅಧಿಕಾರಿಯನ್ನು ಸ್ಮರಿಸಲು ಬಯಸುತ್ತೇವೆ. ಅವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು, ಕನ್ನಡಿಗರೆಲ್ಲರ ‘ಶ್ರೀನಿವಾಸ’.

ಮಾಸ್ತಿಯವರನ್ನು ಕಥೆಗಾರರೆಂದು ಸ್ಮರಿಸದ ಕನ್ನಡ ಮನೆಯಿಲ್ಲ. ಇಲ್ಲಿ ನಮ್ಮ ನೋಟವಾದರೋ ಬೇರೊಂದು ಲೆಕ್ಕದ ಮೇಲಿದೆ. ಅವರು ಹುಟ್ಟಿದ್ದು 1891ರ ಜೂನ್ 6ರಂದು, ಕೋಲಾರ ಜಿಲ್ಲೆಯ ಮಾಲೂರು ಸೀಮೆಯ ಹೊಂಗೇನಹಳ್ಳಿಯಲ್ಲಿ. ಒಂದು ಕಾಲಕ್ಕೆ ಅನುಕೂಲವಾಗಿದ್ದ ಮನೆತನ ಅವರ ಬಾಲ್ಯದ ಹೊತ್ತಿಗೆ ಬಡತನಕ್ಕೆ ಇಳಿದಿತ್ತು. ಬಂಧುಗಳ ಆಸರೆಯಿಂದಲೂ ವಿದ್ಯಾರ್ಥಿವೇತನದ ನೆರವಿನಿಂದಲೂ ಓದಿ, 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಎಂ.ಎ. ಪದವಿ ಪಡೆದು, ಮೈಸೂರು ಸಂಸ್ಥಾನದ ಸಿವಿಲ್ ಸೇವೆಗೆ ಸೇರಿದರು. ಮೇಲಿನ ಹುದ್ದೆಗಳವರೆಗೆ ಏರಿ, 1943ರಲ್ಲಿ ಸೇವೆಯಿಂದ ಹೊರಬಂದರು. 1986ರ ಜೂನ್ 6ರಂದು, ತಮ್ಮ ಹುಟ್ಟುಹಬ್ಬದ ದಿನವೇ, ತೀರಿಕೊಂಡರು. ಸರ್ಕಾರದ ಸೇವೆಯಲ್ಲಿ ಕಳೆದದ್ದು ಮೂವತ್ತು ವರ್ಷಕ್ಕೆ ಒಳಗು. ನಿವೃತ್ತರಾಗಿ ಬಾಳಿದ್ದು ನಲವತ್ತೆರಡು ವರ್ಷಕ್ಕೂ ಮೇಲು. ಅವರಿಗೆ 1983ರ ಜ್ಞಾನಪೀಠ ಪ್ರಶಸ್ತಿಯನ್ನು ತಂದ ‘ಚಿಕವೀರ ರಾಜೇಂದ್ರ’ ಕಾದಂಬರಿ ಹೊರಬಂದದ್ದು 1956ರಲ್ಲಿ, ಅಂದರೆ ಕಛೇರಿ ಬಿಟ್ಟು ಹದಿಮೂರು ವರ್ಷಗಳಾದ ಮೇಲೆ. ಈ ಲೆಕ್ಕವನ್ನು ನಮ್ಮ ಹಿರಿಯರು ಒಮ್ಮೆ ಮನಸ್ಸಿನಲ್ಲಿ ಹಾಕಿ ನೋಡಬೇಕೆಂಬುದು ನಮ್ಮ ಆಶೆ.

ಮಾಸ್ತಿಯವರಿಗೂ ಗುಡಿಬಂಡೆಗೂ ಏನು ನಂಟು ಎಂದು ಕೆಲವರು ಕೇಳಬಹುದು. ಆಡಳಿತದ ನಂಟು ಏನೂ ಇಲ್ಲ. ಅವರ ಕಾಲದ ಮೈಸೂರು ಸಂಸ್ಥಾನದ ಅಧಿಕಾರ ಪಾವಗಡ, ಶಿರಾ, ಮಧುಗಿರಿಗಳ ಎಲ್ಲೆಯಲ್ಲಿ ನಿಲ್ಲುತ್ತಿತ್ತು. ಎಲ್ಲೆಯಿಂದ ಈಚೆಗಿನ ನಾವು ಮದರಾಸು ಆಧಿಪತ್ಯದವರು. ಮೊದಲು ಬಳ್ಳಾರಿ ಜಿಲ್ಲೆಗೂ, 1882ರಿಂದ ಅನಂತಪುರ ಜಿಲ್ಲೆಗೂ ಸೇರಿದವರು. ಬಳ್ಳಾರಿಯೊಡನೆ ಉಳಿದಿದ್ದ ರಾಯದುರ್ಗವೂ 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರಕ್ಕೆ ಬಂದಿತು. ಆದರೆ ಭಾಷೆಯ ವಿಷಯದಲ್ಲಿ ಮಾಸ್ತಿಯವರು ನಮ್ಮಂತೆಯೇ ಗಡಿಯವರು. ಅವರ ಮನೆಮಾತು ತಮಿಳು. ಅವರ ಜಿಲ್ಲೆಯ ಹಳ್ಳಿಗಳಲ್ಲಿ ಕನ್ನಡದ ಜೊತೆಗೆ ತೆಲುಗು ಹಾಸುಹೊಕ್ಕಾಗಿತ್ತು. ಅವರು ಉನ್ನತ ವ್ಯಾಸಂಗ ಮಾಡಿದ ಭಾಷೆ ಇಂಗ್ಲಿಷು. ಮೂರು ಭಾಷೆಗಳ ನಡುವೆ ಇದ್ದುಕೊಂಡು, ಅವುಗಳಲ್ಲಿ ಯಾವುದನ್ನೂ ಹಳಿಯದೆ, ಅವರು ಕನ್ನಡವನ್ನು ತಮ್ಮದಾಗಿ ಮಾಡಿಕೊಂಡರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ಅರ್ಜಿಯಲ್ಲಿ ತೆಲುಗು ಎಂಬ ಸ್ಥಿತಿಯಲ್ಲಿರುವ ನಮಗೆ ಇದು ಸಣ್ಣ ಸಮಾಧಾನವಲ್ಲ. ನೆರೆಭಾಷೆಯನ್ನು ದ್ವೇಷಿಸದೆ ತನ್ನ ಭಾಷೆಯನ್ನು ಉಳಿಸಿಕೊಳ್ಳಬಹುದೆಂಬುದಕ್ಕೆ ಅವರ ಬಾಳೇ ಸಾಕ್ಷಿ.

ಅಧಿಕಾರಿಯಾಗಿದ್ದಾಗ ಅವರು ಕಂಡ ಜನವೇ ಅವರ ಕಥೆಗಳಲ್ಲಿ ತುಂಬಿಕೊಂಡರು. ‘ಕೆಲವು ಸಣ್ಣ ಕಥೆಗಳು’ ಎಂಬ ಅವರ ಮೊದಲ ಸಂಗ್ರಹ 1920ರಲ್ಲಿ ಪ್ರಕಟವಾಯಿತು. ಆಗ ಅವರು ಸೇವೆಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಹಳ್ಳಿಯ ದೂರುಗಳನ್ನು ಕೇಳುವ ಅಧಿಕಾರಿ ಬೇಕಾದರೆ ಕಡತವನ್ನಷ್ಟೇ ಓದಿ ತೀರ್ಪು ಬರೆಯಬಹುದು. ದೂರು ತಂದವನ ಮುಖವನ್ನು ನೋಡಿ, ಅವನು ಮಾತನ್ನು ಎಲ್ಲಿ ತಡೆದನೆಂಬುದನ್ನು ಗಮನಿಸುವವನಿಗೆ ಬೇರೊಂದು ತಿಳಿವಳಿಕೆ ದೊರೆಯುತ್ತದೆ. ‘ಜೋಗ್ಯೋರ ಅಂಜಪ್ಪನ ಕೋಳಿ ಕಥೆ’ಯನ್ನು ಓದಿದವರಿಗೆ ಈ ಮಾತು ಸ್ಪಷ್ಟವಾದೀತು. ನಮ್ಮ ನಿವೃತ್ತ ಉಪಾಧ್ಯಾಯರ ಬಳಿಯೂ, ಗ್ರಾಮಲೆಕ್ಕದವರ ಬಳಿಯೂ ಇಂಥ ತಿಳಿವಳಿಕೆ ಮೂಟೆಗಟ್ಟಲೆ ಇದೆ. ಅದು ಕಾಗದಕ್ಕೆ ಇಳಿದಿಲ್ಲ, ಅಷ್ಟೆ.

1943ರಲ್ಲಿ ಅವರು ಸೇವೆಯನ್ನು ಬಿಟ್ಟ ಸಂದರ್ಭ ಸಂತೋಷದ್ದಾಗಿರಲಿಲ್ಲ. ತಮಗಿಂತ ಕಿರಿಯರೊಬ್ಬರು ತಮ್ಮನ್ನು ದಾಟಿ ಮೇಲಿನ ಸ್ಥಾನಕ್ಕೆ ಹೋದಾಗ ಅವರು ರಾಜೀನಾಮೆ ಕೊಟ್ಟರು. ಸರ್ಕಾರಿ ನೌಕರಿಯಲ್ಲಿದ್ದವರಿಗೆ ಈ ನೋವಿನ ಪರಿಚಯ ಬೇರೆ ಹೇಳಬೇಕಾಗಿಲ್ಲ. ನಮ್ಮ ಬಳಗದಲ್ಲಿಯೇ, ಸಿಗಬೇಕಾದ ಬಡ್ತಿ ಸಿಗದೆ ನಿವೃತ್ತರಾಗಿ, ಆ ಕಹಿಯನ್ನೇ ಮುಂದಿನ ಇಪ್ಪತ್ತು ವರ್ಷ ಅಗಿಯುತ್ತ ಕುಳಿತ ಹಿರಿಯರನ್ನು ನಾವು ಕಂಡಿದ್ದೇವೆ. ಮನೆಯವರು ಆ ಮಾತನ್ನು ಕೇಳಿ ಕೇಳಿ ಎದ್ದು ಹೋಗುತ್ತಿದ್ದರು. ಮಾಸ್ತಿಯವರು ಮರುವರ್ಷ, 1944ರಲ್ಲಿ, ‘ಜೀವನ’ ಎಂಬ ಮಾಸಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡು 1965ರವರೆಗೆ ನಡೆಸಿದರು. ಕಳೆದುಕೊಂಡ ಕುರ್ಚಿಯ ಬದಲಿಗೆ ಇಪ್ಪತ್ತೊಂದು ವರ್ಷದ ದುಡಿಮೆಯನ್ನು ತಾವೇ ಹೊತ್ತುಕೊಂಡರು. ತಮ್ಮ ಪುಸ್ತಕಗಳನ್ನೂ ತಾವೇ ಪ್ರಕಟಿಸಿದರು. ಬೆಂಗಳೂರಿನ ಗವಿಪುರದ ಮನೆ, ಸಂಜೆಗೆ ಬಸವನಗುಡಿಯ ಕ್ಲಬ್ಬು, ಅಲ್ಲಿ ಗೆಳೆಯರೊಡನೆ ಇಸ್ಪೀಟಿನ ಆಟ, ಇಷ್ಟರಲ್ಲಿ ಅವರ ದಿನಚರಿ ಮುಗಿಯುತ್ತಿತ್ತು. ಹೊರಗಿನಿಂದ ನೋಡಿದರೆ ಯಾವ ಪಿಂಚಣಿದಾರರಿಗೂ ಒಪ್ಪುವ ದಿನಚರಿ ಅದು. ಒಳಗೆ ನಡೆಯುತ್ತಿದ್ದ ಕೆಲಸ ಬೇರೆ.

ಅವರು ಆರು ಮಂದಿ ಹೆಣ್ಣುಮಕ್ಕಳ ತಂದೆ. ಸಂಸಾರವನ್ನು ಸಾಹಿತ್ಯಕ್ಕೆ ಅಡ್ಡಿಯೆಂದು ಬಗೆದವರಲ್ಲ. ಗಂಡಹೆಂಡಿರ ಮುನಿಸು, ಅತ್ತೆಸೊಸೆಯರ ಮನಸ್ತಾಪ, ಮೊಮ್ಮಗುವಿನ ಮೇಲಿನ ಅಕ್ಕರೆ ಅವರ ಪಾಲಿಗೆ ಸಣ್ಣ ವಿಷಯಗಳಲ್ಲ. ‘ಮೊಸರಿನ ಮಂಗಮ್ಮ’ದಲ್ಲಿ ಒಂದು ಮಗುವಿಗೆ ಬಿದ್ದ ಏಟು ಮನೆಯನ್ನೇ ಎರಡು ಮಾಡುತ್ತದೆ, ಆ ಮಗುವೇ ಮತ್ತೆ ಒಂದು ಮಾಡಬೇಕಾಗುತ್ತದೆ. ನಮ್ಮ ಯಾವ ಓಣಿಯಲ್ಲಿ ಈ ಕಥೆ ನಡೆದಿಲ್ಲ?

ಅವರ ಐತಿಹಾಸಿಕ ಕಾದಂಬರಿಗಳನ್ನು ಓದುವಾಗ ನಮಗೆ ಹೊಳೆಯುವ ವಿಚಾರವೂ ಇದರಿಂದ ದೂರವಲ್ಲ. ‘ಚೆನ್ನಬಸವನಾಯಕ’ ಬಿದನೂರಿನ ಕೊನೆಯ ದಿನಗಳ ಕಥೆ. ಆ ರಾಜ್ಯ 1763ರಲ್ಲಿ ಹೈದರಾಲಿಯ ಕೈಸೇರಿತು. ‘ಚಿಕವೀರ ರಾಜೇಂದ್ರ’ ಕೊಡಗಿನ ಕೊನೆಯ ಅರಸನ ಕಥೆ. ಆ ರಾಜ್ಯ 1834ರಲ್ಲಿ ಇಂಗ್ಲಿಷರ ವಶವಾಯಿತು. ಎರಡರಲ್ಲಿಯೂ ಹೊರಗಿನ ವೈರಿಗೆ ಬಾಗಿಲು ತೆರೆಯುವುದು ಅರಮನೆಯ ಒಳಗಿನ ಬಿರುಕು. ಬಿದನೂರಿನಲ್ಲಿ ತಾಯಿಮಗನ ನಡುವೆ ನಂಬಿಕೆ ಮುರಿಯುತ್ತದೆ. ಮಡಿಕೇರಿಯಲ್ಲಿ ಅರಸನು ಒಡಹುಟ್ಟಿದ ತಂಗಿಯನ್ನು ಸೆರೆಯಲ್ಲಿಡುತ್ತಾನೆ. ಅವಳ ಕೂಸಿನ ಕೊಲೆಗೂ ಹೇಸುವುದಿಲ್ಲ. ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಎಂಬ ಮಂತ್ರಿಗಳು ಅನುಭವಿಸುವ ಸಂಕಟವನ್ನು ಅಧಿಕಾರದಲ್ಲಿದ್ದು ಬಂದವರಲ್ಲದೆ ಇನ್ನಾರು ಹಾಗೆ ಬರೆದಾರು? ಅನ್ನ ಕೊಟ್ಟ ದೊರೆಗೆ ನಿಷ್ಠೆಯೋ, ನರಳುತ್ತಿರುವ ಪ್ರಜೆಗೆ ನಿಷ್ಠೆಯೋ ಎಂಬ ಪ್ರಶ್ನೆಗೆ ಅವರು ಸುಲಭದ ಉತ್ತರ ಕೊಡುವುದಿಲ್ಲ. ಮನೆಯಲ್ಲಿ ಧರ್ಮ ತಪ್ಪಿದರೆ ರಾಜ್ಯದಲ್ಲಿ ತಪ್ಪುವುದಕ್ಕೆ ಬಹಳ ದಿನ ಬೇಕಿಲ್ಲವೆಂಬುದನ್ನು ಮಾತ್ರ ತೋರಿಸುತ್ತಾರೆ. ಕುಟುಂಬದ ಮೇಲಿನ ಪ್ರೀತಿಯೂ ಚರಿತ್ರೆಯ ಮೇಲಿನ ಪ್ರೀತಿಯೂ ಅವರಲ್ಲಿ ಬೇರೆಬೇರೆಯಾಗಿರಲಿಲ್ಲ.

ಮೂರನೆಯದು ಅವರ ಶ್ರದ್ಧೆ. ಅವರು ಶ್ರೀವೈಷ್ಣವ ಮನೆತನದ ಆಸ್ತಿಕರು. ‘ಶ್ರೀನಿವಾಸ’ ಎಂಬ ಕಾವ್ಯನಾಮವೇ ಅದನ್ನು ಸಾರುತ್ತದೆ. ವಾಲ್ಮೀಕಿಯನ್ನು ಕುರಿತು ‘ಆದಿಕವಿ ವಾಲ್ಮೀಕಿ’ಯನ್ನು ಬರೆದರು, ಇಳಿವಯಸ್ಸಿನಲ್ಲಿ ‘ಶ್ರೀರಾಮ ಪಟ್ಟಾಭಿಷೇಕ’ ಕಾವ್ಯವನ್ನು ರಚಿಸಿದರು. ಅದೇ ಲೇಖನಿಯಿಂದ ಬುದ್ಧನ ಮಡದಿಯನ್ನು ಕುರಿತ ‘ಯಶೋಧರಾ’ ನಾಟಕ ಬಂದಿತು, ‘ಸಾರಿಪುತ್ರನ ಕಡೆಯ ದಿನಗಳು’ ಬಂದಿತು, ಟಾಲ್‌ಸ್ಟಾಯ್ ಮಹರ್ಷಿಯ ಕಥೆಯೂ ಬಂದಿತು. ತನ್ನ ಮನೆದೇವರಿಗೆ ಕೈಮುಗಿದವನು ಪರರ ದೇವರ ಮುಂದೆ ಪಾದರಕ್ಷೆ ಬಿಡಲು ಹಿಂಜರಿಯಬೇಕಾಗಿಲ್ಲ ಎಂಬ ಈ ನಡತೆ ನಮ್ಮ ಸೀಮೆಗೂ ಹೊಸತಲ್ಲ. ಹೇಮಾವತಿಯ ಹೆಂಜೇರಪ್ಪನ ಸನ್ನಿಧಿಗೆ ಹೋಗುವವರಲ್ಲಿ ಎಡಗಡೆಯ ರಾಜ್ಯದವರಾರು, ಬಲಗಡೆಯ ರಾಜ್ಯದವರಾರು ಎಂದು ವಿಂಗಡಿಸುವವರಿಲ್ಲ.

ನಿವೃತ್ತಿಯ ದಿನಗಳಲ್ಲಿ ಅವರು ಮಾಡಿದ ಇನ್ನೊಂದು ಕಾರ್ಯವನ್ನು ಇಲ್ಲಿ ಹೇಳಲೇಬೇಕು. ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ಯನ್ನು ಕುವೆಂಪು ಅವರೊಡನೆ ಸಂಪಾದಿಸಿದರು; 1958ರಲ್ಲಿ ಮೈಸೂರು ಸರ್ಕಾರ ಅದನ್ನು ಜನಸಾಮಾನ್ಯರ ಕೈಗೆಟುಕುವ ಬೆಲೆಗೆ ಹೊರತಂದಿತು. ಹಾಗಾಗಿ ಆ ಮಹಾಕಾವ್ಯ ಪಂಡಿತರ ಪೆಟ್ಟಿಗೆಯಿಂದ ರೈತನ ಗೂಡಿಗೆ ಬಂದಿತು. ನಮ್ಮ ಕಡೆಯ ಶ್ರಾವಣದ ಓದುಗಳಲ್ಲಿ ಹಿರಿಯರು ಮಂಡಿಯ ಮೇಲಿಟ್ಟುಕೊಳ್ಳುತ್ತಿದ್ದ ದಪ್ಪ ಪುಸ್ತಕದ ನೆನಪು ನಮ್ಮಲ್ಲಿ ಹಲವರಿಗೆ ಇದೆ. ಪುಸ್ತಕಕ್ಕೆ ಎಲ್ಲೆಯ ಕಲ್ಲು ಅಡ್ಡವಾಗಲಿಲ್ಲ.

ಇನ್ನು ನಮ್ಮ ಮಾತು. ನಾವು ಚರಿತ್ರೆಯಿಲ್ಲದ ಜನವಲ್ಲ. ಇಂದು ಹೇಮಾವತಿಯೆನಿಸಿರುವ ಹೆಂಜೇರು ಒಂದು ಕಾಲಕ್ಕೆ ನೊಳಂಬರ ರಾಜಧಾನಿ. ನೊಳಂಬವಾಡಿ ಮೂವತ್ತೆರಡು ಸಾಸಿರಕ್ಕೆ ಒಡೆತನ ಇಲ್ಲಿಂದ ನಡೆಯಿತು. ದೊಡ್ಡೇಶ್ವರ ದೇವಾಲಯದ ನಂದಿ ಈಗಲೂ ಕುಳಿತಿದ್ದಾನೆ. ಅಲ್ಲಿನ ಕನ್ನಡ ಶಾಸನಗಳು ಕಲ್ಲಿನಲ್ಲಿವೆ. ಕೆಲವು ಶಿಲ್ಪಗಳು ಚೆನ್ನೈನ ವಸ್ತುಸಂಗ್ರಹಾಲಯದಲ್ಲಿವೆ. ರತ್ನಗಿರಿಯ ಕೋಟೆಯಿದೆ, ಮಡಕಶಿರೆಯ ಬೆಟ್ಟವಿದೆ, ರಾಯದುರ್ಗದ ದುರ್ಗವಿದೆ. ಕಲ್ಲಿನ ಮೇಲಿನದನ್ನು ಓದಲು ವಿದ್ವಾಂಸರು ಬಂದಾರು. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಕ್ರಯಪತ್ರ, ಪಾಲುಪಟ್ಟಿ, ಮದುವೆಯ ಲೆಕ್ಕ, ಕೆರೆಯ ತೂಬಿನ ಒಪ್ಪಂದ, ಅಜ್ಜನ ಕೈಬರಹದ ಹಾಡಿನ ಪುಸ್ತಕ, ಇವನ್ನು ಓದಲು ಯಾರು ಬಂದಾರು? ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯ ಕಾಗದಗಳು ಕಡಲೆಕಾಯಿಯ ಪೊಟ್ಟಣವಾದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ತೆಲುಗು ಮಾಧ್ಯಮದಲ್ಲಿಯೂ ಇಂಗ್ಲಿಷ್ ಮಾಧ್ಯಮದಲ್ಲಿಯೂ ಓದುತ್ತಿರುವ ನಮ್ಮ ಮಕ್ಕಳಿಗೆ ಆ ಮೋಡಿ ಅಕ್ಷರ ಇರಲಿ, ಅಚ್ಚಿನ ಕನ್ನಡವೂ ತೊಡಕಾಗುತ್ತಿದೆ. ಉದ್ಯೋಗಕ್ಕಾಗಿ ಅವರು ಆ ಭಾಷೆಗಳನ್ನು ಕಲಿಯುವುದನ್ನು ನಾವು ಆಕ್ಷೇಪಿಸುವುದಿಲ್ಲ. ಅವರಿಗೂ ಅವರ ಮನೆತನದ ಕಾಗದಗಳಿಗೂ ನಡುವೆ ನಿಂತು ಓದಿ ಹೇಳಬಲ್ಲ ತಲೆಮಾರು ಮಾತ್ರ ಈಗ ಅರವತ್ತು ದಾಟಿದೆ.

ಆದುದರಿಂದ ನಿವೃತ್ತರಾಗಿರುವ ನಮ್ಮ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟು. ಕಾದಂಬರಿ ಬರೆಯಬೇಕೆಂದು ನಾವು ಕೇಳುತ್ತಿಲ್ಲ. ಮಾಸ್ತಿಯವರು ‘ಭಾವ’ವೆಂಬ ಹೆಸರಿನಲ್ಲಿ ತಮ್ಮ ಬಾಳನ್ನು ಮೂರು ಸಂಪುಟಗಳಲ್ಲಿ ಹೇಳಿಕೊಂಡರು, ನೀವು ನಲವತ್ತು ಪುಟದ ಒಂದು ನೋಟುಪುಸ್ತಕದಲ್ಲಿ ಹೇಳಿರಿ. ಯಾವ ಕೆರೆ ಯಾವ ವರ್ಷ ಕೋಡಿ ಬಿದ್ದಿತು, ಯಾವ ಶಾಲೆಯಲ್ಲಿ ಯಾರು ಕನ್ನಡ ಕಲಿಸಿದರು, ಯಾವ ಮನೆಯವರು ಎಲ್ಲಿಂದ ಬಂದು ನೆಲಸಿದರು, ಬರಗಾಲದಲ್ಲಿ ಊರು ಏನು ತಿಂದಿತು, ಯಾವ ಜಾತ್ರೆ ಯಾವ ಕಾರಣದಿಂದ ನಿಂತಿತು, ಇಷ್ಟನ್ನು ಕನ್ನಡದಲ್ಲಿ ಬರೆದಿಡಿರಿ. ಬರೆಯಲು ಕೈ ನಡುಗುವವರಿದ್ದರೆ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ ಬರೆಯಿಸಿರಿ; ಊರಿನ ಚರಿತ್ರೆಯ ಜೊತೆಗೆ ಆ ಮಕ್ಕಳಿಗೆ ಕನ್ನಡವೂ ಬಂದೀತು. ಪೆಟ್ಟಿಗೆಯ ಕಾಗದಗಳನ್ನು ಹೊರತೆಗೆದು, ಧೂಳು ಕೊಡವಿ, ಯಾವುದು ಯಾವುದೆಂದು ಒಂದೊಂದು ಚೀಟಿ ಅಂಟಿಸಿರಿ.

ಮಾಸ್ತಿಯವರ ಜನ್ಮದಿನವೂ ಪುಣ್ಯದಿನವೂ ಒಂದೇ ಆದ ಜೂನ್ 6, ನಮ್ಮ ಕಡೆ ಮುಂಗಾರಿಗೆ ಕಾಯುವ ಕಾಲ. ಹೊಲದ ಕೆಲಸ ಇನ್ನೂ ಬಿರುಸಾಗಿರುವುದಿಲ್ಲ. ಆ ದಿನ ಸಂಘದ ಸದಸ್ಯರ ಒಂದೊಂದು ಮನೆಯಲ್ಲಿ ಒಂದೊಂದು ಪೆಟ್ಟಿಗೆ ತೆರೆಯಲಿ. ಒಂದೊಂದು ನೋಟುಪುಸ್ತಕದ ಮೊದಲ ಪುಟ ತುಂಬಲಿ. ಕಛೇರಿಯಿಂದ ಹೊರಬಂದ ಮೇಲೆ ನಲವತ್ತೆರಡು ವರ್ಷ ಕನ್ನಡದ ಚಾಕರಿ ಮಾಡಿದ ಹಿರಿಯರಿಗೆ ಗಡಿಯ ಈಚೆಯಿಂದ ನಾವು ಸಲ್ಲಿಸಬಹುದಾದ ಕಾಣಿಕೆ ಇದೇ ಎಂದು ನಾವು ನಂಬಿದ್ದೇವೆ.