ಚಕ್ಲಿ ಬೊಗಳೋದು ಯಾಕೆ?

ನಮ್ಮ ಚಕ್ಲಿಗೆ ಈಗ ಎರಡೂವರೆ ವರ್ಷ. ಜಾತಿ ನಾಯಿ ಅಲ್ಲ, ಬೀದಿಯಿಂದ ಬಂದವಳು. ಬಾಲ ಸುರುಳಿ ಸುತ್ತಿಕೊಂಡಿರೋದಕ್ಕೆ ತಂಗಿ ಇಟ್ಟ ಹೆಸರು. ತಿಪಟೂರಿನ ಹತ್ತಿರದ ನಮ್ಮ ತೋಟದ ಮನೆಯಲ್ಲಿ ನಾಯಿ ಬೊಗಳಿದರೆ ಅಮ್ಮ "ಯಾರೋ ಬಂದ್ರು ನೋಡು" ಅಂತಾರೆ. ಅಲ್ಲಿ ಬೊಗಳೋದೇ ನಾಯಿಯ ಕೆಲಸ, ಆ ಕೆಲಸಕ್ಕೇ ಮುದ್ದೆ. ಬೆಂಗಳೂರಿನ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ಅದೇ ಕೆಲಸ ಮಾಡಿದರೆ ಕಂಪ್ಲೇಂಟ್ ಬರುತ್ತೆ.

ಬಂದಿದ್ದು ಕೆಳಗಿನ ಓನರ್ ಮನೆಯಿಂದ. ಅಂಕಲ್‌ಗೆ ಕಳೆದ ವರ್ಷ ಬೈಪಾಸ್ ಆಗಿದೆ, ಮಧ್ಯಾಹ್ನ ಮಲಗಲೇಬೇಕು. "ಅಗ್ರಿಮೆಂಟ್ ಮುಗಿಯೋಕೆ ಎರಡು ತಿಂಗಳಿದೆ. ಅಷ್ಟರಲ್ಲಿ ಈ ಗಲಾಟೆ ನಿಲ್ಲಬೇಕು, ಇಲ್ಲಾಂದ್ರೆ ಬೇರೆ ಮನೆ ನೋಡ್ಕೊಳ್ಳಿ" ಅಂದರು. ಕೂಗಾಡಲಿಲ್ಲ, ಮೆತ್ತಗೇ ಹೇಳಿದರು. ಅದಕ್ಕೇ ಹೆಚ್ಚು ಭಯವಾಯಿತು. ನಾಯಿ ಇದೆ ಅಂದ ತಕ್ಷಣ ಫೋನ್ ಇಡುವ ಓನರ್‌ಗಳು ಎಷ್ಟು ಜನ ಅಂತ ಮನೆ ಹುಡುಕಿದವರಿಗೇ ಗೊತ್ತು. "ಇಲ್ಲಿಗೆ ತಂದು ಬಿಡಪ್ಪಾ, ತೋಟದಲ್ಲಿ ಬೊಗಳ್ಕೊಂಡಿರ್ಲಿ" ಅಂದರು ಅಮ್ಮ. ನಮ್ಮ ಹಿಂದಿನ ನಾಯಿಯನ್ನು ಅದೇ ತೋಟದಿಂದ ಚಿರತೆ ಹೊತ್ತುಕೊಂಡು ಹೋಗಿತ್ತು. ತಂಗಿ ಆ ರಾತ್ರಿ ಊಟ ಮಾಡಲಿಲ್ಲ.

ಸ್ನೇಹಿತರು ವಾಟ್ಸಾಪಿನಲ್ಲಿ ಕಾನೂನು ಕಳಿಸಿದರು. ಅಪಾರ್ಟ್‌ಮೆಂಟ್ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ, ನಿಜ. ನಾಯಿಯನ್ನು, ಮುಖ್ಯವಾಗಿ ರಾತ್ರಿ ಹೊತ್ತು, ಸುಮ್ಮನಿರಿಸಲು ಮಾಲೀಕರು ಪ್ರಯತ್ನಪಡಬೇಕು ಅಂತಲೂ ಅದರಲ್ಲೇ ಇದೆ. ಆ ಸಾಲನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ! ಹಾರ್ಟ್ ಆಪರೇಷನ್ ಆದವರ ಮುಂದೆ ಸುತ್ತೋಲೆ ಹಿಡಿಯೋಕೆ ನನಗಂತೂ ಮನಸ್ಸಾಗಲಿಲ್ಲ.

ಮೊದಲು ಪಶುವೈದ್ಯರ ಹತ್ತಿರ ಹೋದೆವು. ನೋವಿದ್ದರೂ ನಾಯಿ ಬೊಗಳುತ್ತೆ, ವಯಸ್ಸಾಗಿ ಕಿವಿ ಮಂದವಾದರೂ ಬೊಗಳುತ್ತೆ. ಚಕ್ಲಿಗೆ ಅಂಥದ್ದೇನೂ ಇರಲಿಲ್ಲ. "ಯಾವಾಗ ಬೊಗಳ್ತಾಳೆ?" ಅಂತ ಕೇಳಿದರು. "ಯಾವಾಗಲೂ" ಅಂದೆ. ಡಾಕ್ಟರು ನಕ್ಕರು. ಆಫೀಸಿನಲ್ಲಿ ಯಾರಾದರೂ "ಆ್ಯಪ್ ಯಾವಾಗಲೂ ಕ್ರ್ಯಾಶ್ ಆಗುತ್ತೆ" ಅಂದರೆ ನಾನೂ ಹಾಗೇ ನಗ್ತೀನಿ, ಆಮೇಲೆ ಲಾಗ್ ಕೇಳ್ತೀನಿ.

ಸರಿ, ಲಾಗ್ ಶುರುವಾಯಿತು. ಹಳೆಯ ಫೋನನ್ನು ಹಾಲಿನಲ್ಲಿ ರೆಕಾರ್ಡಿಂಗಿಗೆ ಇಟ್ಟೆವು. ಕೆಳಗೆ ಹೋಗಿ ಓನರ್ ಆಂಟಿಗೆ, "ಆಂಟಿ, ಒಂದು ವಾರ ಅವಳು ಬೊಗಳಿದ ಟೈಮ್ ಬರೆದಿಡ್ತೀರಾ?" ಅಂತ ಕೇಳಿದೆ. ವಿಚಿತ್ರವಾಗಿ ನೋಡಿದರೂ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಅರ್ಧ ಲೀಟರ್, ಒಂದು ಲೀಟರ್ ಪಕ್ಕದಲ್ಲೇ "ಬೊ 2.15", "ಬೊ 6.40" ಅಂತ ಬರೆದಿಟ್ಟರು. ನನ್ನ ಎಕ್ಸೆಲ್ ಶೀಟಿಗಿಂತ ಅದೇ ಪಕ್ಕಾ ಇತ್ತು.

ವಾರದ ಕೊನೆಗೆ ಗೊತ್ತಾಯಿತು, ಇದು ಒಂದು ಸಮಸ್ಯೆ ಅಲ್ಲ, ಮೂರು. ಗೇಟ್ ಸದ್ದಾದರೆ, ಡೆಲಿವರಿ ಹುಡುಗರು ಬಂದರೆ ದಪ್ಪ ದನಿಯಲ್ಲಿ ಸರಮಾಲೆಯಂತೆ ಬೊಗಳ್ತಾಳೆ. ಸಂಜೆ ವಾಕಿಂಗ್ ಹೊತ್ತಿಗೆ ನಮ್ಮ ಮುಖ ನೋಡಿಕೊಂಡು ಒಂದೊಂದೇ ಸಲ, ಲೆಕ್ಕ ಇಟ್ಟ ಹಾಗೆ. ಮೂರನೆಯದು ನಾವಿಬ್ಬರೂ ಹೊರಗೆ ಹೋದ ಐದನೇ ನಿಮಿಷಕ್ಕೆ ಶುರುವಾಗುವ ಸಣ್ಣ ದನಿಯ ಊಳು. ಅದನ್ನು ರೆಕಾರ್ಡಿಂಗಿನಲ್ಲಿ ಪೂರ್ತಿ ಕೇಳೋಕೆ ಆಗಲಿಲ್ಲ.

ಗೇಟಿನದು ಸುಲಭ. ಕಿಟಕಿಯ ಕೆಳಗಿನ ಅರ್ಧಕ್ಕೆ ಮಬ್ಬು ಸ್ಟಿಕರ್ ಹಚ್ಚಿ ರಸ್ತೆ ಕಾಣದ ಹಾಗೆ ಮಾಡಿದೆವು. ಜೊತೆಗೆ "ಸಾಕು" ಅನ್ನೋ ಪದ ಕಲಿಸಿದೆವು. ಎರಡು ಸಲ ಬೊಗಳಲಿ, ಆಮೇಲೆ ಮೆತ್ತಗೆ "ಸಾಕು" ಅಂದು ಮೂಗಿನ ಹತ್ತಿರ ಬೇಯಿಸಿದ ಚಿಕನ್ ಚೂರು. ಮೂಸುವಾಗ ಬೊಗಳೋದು ನಿಲ್ಲುತ್ತೆ. ಮೂರು ಎಣಿಸಿ ಕೊಡೋದು, ಆಮೇಲೆ ಐದು, ಹತ್ತು. "ಏಯ್, ಸುಮ್ನಿರು!" ಅಂತ ಕಿರುಚಿದರೆ ನಾವೂ ಜೊತೆಗೆ ಬೊಗಳ್ತಿದ್ದೀವಿ ಅಂತ ಅದಕ್ಕೆ ಖುಷಿಯೇ ಆಗಬಹುದು.

ಸಂಜೆಯದಕ್ಕೆ ಉತ್ತರ ಕೊಡೋದನ್ನೇ ನಿಲ್ಲಿಸಬೇಕು. ಮುಖ ತಿರುಗಿಸಿ ಕೂರೋದು, ಸುಮ್ಮನಾದ ಮೇಲೆ ಬೆಲ್ಟ್ ತೆಗೆಯೋದು. ಮೊದಲ ನಾಲ್ಕು ದಿನ ಜಾಸ್ತಿಯೇ ಆಗುತ್ತೆ. ಲಿಫ್ಟ್ ಬರದಿದ್ದರೆ ನಾವು ಬಟನ್ ಇನ್ನೂ ಜೋರಾಗಿ ಒತ್ತಲ್ವಾ, ಹಾಗೇ. ಐದನೇ ದಿನ ಸೋತು ಎದ್ದರೆ, ಇಷ್ಟು ಬೊಗಳಿದರೆ ಕೆಲಸ ಆಗುತ್ತೆ ಅಂತ ನಾವೇ ಪಾಠ ಹೇಳಿಕೊಟ್ಟ ಹಾಗೆ. ಆಂಟಿಗೆ ಮೊದಲೇ ಹೇಳಿಟ್ಟಿದ್ದೆ, "ಈ ವಾರ ಸ್ವಲ್ಪ ಸಹಿಸ್ಕೊಳ್ಳಿ" ಅಂತ.

ಕಷ್ಟವಾಗಿದ್ದು ಮೂರನೆಯದೇ. ಅದು ಹಠ ಅಲ್ಲ, ಭಯ. ಕರೆಂಟ್ ಶಾಕ್ ಕೊಡೋ ಬೆಲ್ಟನ್ನು ಸಹೋದ್ಯೋಗಿಯೊಬ್ಬರು ಸೂಚಿಸಿದರು. ಹೆದರಿ ಅಳುವವರಿಗೆ ಶಾಕ್ ಕೊಟ್ಟರೆ ದನಿ ನಿಲ್ಲಬಹುದು, ಹೆದರಿಕೆ? ನಾವು ನಿಧಾನದ ದಾರಿ ಹಿಡಿದೆವು. ಬೈಕ್ ಕೀ ಎತ್ತಿಕೊಂಡು ಮತ್ತೆ ಸೋಫಾದಲ್ಲೇ ಕೂರೋದು, ದಿನಕ್ಕೆ ಹತ್ತು ಸಲ. ಕೀ ಸದ್ದಿಗೆ ಅವಳು ತಲೆ ಎತ್ತದ ಮೇಲೆ ಶೂ. ಶೂ ಆದ ಮೇಲೆ ಬಾಗಿಲ ಹೊರಗೆ ಹತ್ತು ಸೆಕೆಂಡ್, ಮೂವತ್ತು ಸೆಕೆಂಡ್, ಎರಡು ನಿಮಿಷ. ಅಳು ಶುರುವಾಗೋ ಮೊದಲೇ ಒಳಗೆ ಬರಬೇಕು. ಇದೆಲ್ಲ ನಡೆಯುವಾಗ ಅವಳನ್ನು ಗಂಟೆಗಟ್ಟಲೆ ಒಂಟಿ ಬಿಡೋ ಹಾಗಿಲ್ಲ. ತಂಗಿ, ನಾನು ಆಫೀಸ್ ದಿನಗಳನ್ನು ಬೇರೆ ಬೇರೆ ಮಾಡಿಕೊಂಡೆವು. ತಪ್ಪಿಸೋಕಾಗದ ಗುರುವಾರಕ್ಕೆ ಡಾಗ್ ಡೇಕೇರ್. ಹೊರಡುವಾಗ ಒಗ್ಗರಣೆ ಹಾಕದ ಮೊಸರನ್ನವನ್ನು ಟೊಳ್ಳು ರಬ್ಬರ್ ಆಟಿಕೆಗೆ ತುಂಬಿ, ಫ್ರೀಜರಿನಲ್ಲಿ ಗಟ್ಟಿ ಮಾಡಿ ಕೊಡ್ತೀವಿ. ನೆಕ್ಕಿ ಮುಗಿಸೋಕೆ ಅರ್ಧ ಗಂಟೆ ಬೇಕು. ನೀವೂ ಮಾಡುವುದಾದರೆ ಒಂದು ಮಾತು: ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಹತ್ತಿರವೂ ಬೇಡ, ನಾಯಿಗೆ ಅವು ವಿಷ.

ಒಂದು ತಿಂಗಳಿಗೆ ನಲವತ್ತು ನಿಮಿಷ. ಎರಡನೇ ತಿಂಗಳ ಕೊನೆಗೆ ಎರಡೂವರೆ ಗಂಟೆ. ಪೂರ್ತಿ ಆಫೀಸ್ ದಿನಕ್ಕೆ ಇನ್ನೂ ದೂರವಿದೆ. ಆಂಟಿಯ ಕ್ಯಾಲೆಂಡರಿನಲ್ಲಿ ಮಧ್ಯಾಹ್ನದ "ಬೊ" ಕೊನೆಯ ಮೂರು ವಾರ ಒಂದೂ ಇರಲಿಲ್ಲ. ಅಂಕಲ್ ಅದನ್ನು ಕನ್ನಡಕ ಹಾಕಿಕೊಂಡು ನೋಡಿದರು. ಏನೂ ಹೇಳದೆ ಹೊಸ ಅಗ್ರಿಮೆಂಟಿನಲ್ಲಿ ಬಾಡಿಗೆ ಐದು ಪರ್ಸೆಂಟ್ ಏರಿಸಿ ಸಹಿ ಹಾಕಿದರು, ಹನ್ನೊಂದು ತಿಂಗಳಿಗೆ.

ಬೆಳಿಗ್ಗೆ ಕಸದ ಆಟೋ ಹಾಡು ಕೇಳಿದರೆ ಮಾತ್ರ ಈಗಲೂ ಬೊಗಳ್ತಾಳೆ. ಅದನ್ನೂ ಬಿಡಿಸೋಣ ಅಂತಿದ್ದೆ, ಆಂಟಿಯೇ ಬೇಡ ಅಂದರು. ಅಡುಗೆಮನೆಗೆ ಆಟೋ ಹಾಡು ಕೇಳಿಸಲ್ಲವಂತೆ, ಚಕ್ಲಿ ಕೂಗಿದ ಮೇಲೇ ಬಕೆಟ್ ಹಿಡಿದು ಗೇಟಿಗೆ ಬರ್ತಾರಂತೆ.